ವೈರು ಹಾಕದ ಗಿಟಾರು

ವೈರು ಬೇಡದ ಗಿಟಾರನ್ನೇ ತಗೋ ಎಂದರೆ ಪವಿತ್ರ ಇಲ್ಲೇ ಉಳಿದಾಳೆ? ಶ್ರೀರಂಗಪಟ್ಟಣದ ವಾದ್ಯದಂಗಡಿಯಲ್ಲಿ ಸಿದ್ದರಾಜು ಯೋಚಿಸುತ್ತ ನಿಂತಿದ್ದ. ಅವಳು ಗಿಟಾರು ಕಲಿತಿದ್ದು ಅವನಿಂದಲೇ. ಸ್ಪೀಕರಿಗೆ ವೈರು ಕೊಡುವಂಥದ್ದು ಕೊಂಡರೆ ಅವಳು ಊರೂರು ತಿರುಗುವ ಆರ್ಕೆಸ್ಟ್ರಾ ಸೇರುತ್ತಾಳೆ.

ಪವಿತ್ರ ಅಂಥದ್ದೊಂದನ್ನು ತೊಡೆಯ ಮೇಲಿಟ್ಟುಕೊಂಡು, ವೈರು ಸಿಕ್ಕಿಸದೆ ಮೆಲ್ಲಗೆ ಮೀಟಿದಳು. ಪಕ್ಕದಲ್ಲಿದ್ದ ಅವನಿಗಷ್ಟೇ ಕೇಳಿಸಿತು. ಅವನಿಗೆ ಅಷ್ಟೇ ಬೇಕಿತ್ತು.

“ಮೈಗೆ ಒತ್ತಲ್ಲ, ಬೆರಳೂ ನೋಯಲ್ಲ. ಸೌಂಡು ಎಂಗದೆ ಮೇಷ್ಟ್ರೇ?”

“ಹೆಣ್ಣು ನೋಡೋಕೆ ಬಂದೋರಂಗೆ ನಿಂತ್ಬುಟ್ರಲ್ಲ ಮೇಷ್ಟ್ರೇ! ಒಪ್ಪಿಗೇನಾ?” ಎಂದ ಅಂಗಡಿಯ ಅನಂತರಾಮು.

ಪವಿತ್ರ ಜೋರಾಗಿ ನಕ್ಕಳು. ಸಿದ್ದರಾಜು ತಾನೇ ಬಗ್ಗಿ ವೈರು ಸಿಕ್ಕಿಸಿದ. ಅವಳ ಮುಂದಿನ ಮೀಟು ಬೀದಿಗೆ ಹೋಯಿತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

“ಇದನ್ನೇ ತಗೋ” ಎಂದ.

ಹೋಗಬೇಡ ಎಂದು ಅವನು ಯಾವತ್ತೂ ಹೇಳಲಿಲ್ಲ.