ದಾರಿಯಲ್ಲಿ ಓದುವವರು

ತಿಪ್ಪವ್ವನ ಪತ್ರ ಕಳಿಸಲು ಜುಲ್ಫಿಕರ ಮೌಸ್ ಒತ್ತಿದ್ದೇ ತಡ, ಕಂಪ್ಯೂಟರ್ ಟಣ್ ಎಂದಿತು. ಪರದೆಯ ನಡುವೆ ಬೂದು ಬಣ್ಣದ ಚೌಕವೊಂದು ಬಂದು ಕೂತಿತು. ಅವನ ತಲೆ ಕೆಟ್ಟಿತು. ಸಿಂದಗಿ ಬಸ್‌ಸ್ಟ್ಯಾಂಡಿನ ಎದುರಿಗಿರುವ ತನ್ನ ಸೈಬರ್ ಸೆಂಟರಿನ ಎಲ್ಲ ಕಂಪ್ಯೂಟರುಗಳಲ್ಲೂ ಅವನು ಈ ಪೀಡೆಯ ಬಾಯಿ ಮುಚ್ಚಿಸಿದ್ದ. ರಿಪೇರಿಗೆ ಹೋಗಿ ನಿನ್ನೆಯಷ್ಟೇ ಬಂದ ಈ ಮೂಲೆಯದೊಂದು ಉಳಿದುಬಿಟ್ಟಿತ್ತು. ‘ಇನ್ನು ಮುಂದೆ ಇದನ್ನು ತೋರಿಸಬೇಡ’ ಎಂಬ ಸಾಲಿನ ಪಕ್ಕದ ಪುಟ್ಟ ಖಾನೆಯ ಕಡೆಗೆ ಬಾಣವನ್ನು ಒಯ್ದ.

“ತಡಿ ತಮ್ಮಾ, ಅದೇನೋ ಹೇಳಾಕತ್ತೈತಿ,” ಎಂದಳು ಪಕ್ಕದ ಸ್ಟೂಲಿನ ಮೇಲಿದ್ದ ತಿಪ್ಪವ್ವ.

ಅವಳಿಗೆ ಓದು ಬಾರದು. ಕುರಿ ಕಾಯುವ ಮನೆತನ. ಹೋದ ವರ್ಷ ತಮ್ಮ ಅಮಸಿದ್ದ ಹಟ್ಟಿ ಕಾಯುತ್ತ ನಿದ್ದೆಹೋದಾಗ ತೋಳಗಳು ನುಗ್ಗಿ ಅರ್ಧ ಹಿಂಡನ್ನೇ ಸೀಳಿಹಾಕಿದ್ದವು. ಮುಖ ತೋರಿಸಲಾರದೆ ಊರು ಬಿಟ್ಟವನು ಗೋವಾದ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದಾನೆಂದು ಲಾರಿ ಡ್ರೈವರೊಬ್ಬ ಸುದ್ದಿ ತಂದಿದ್ದ. ಜೊತೆಗೆ ಇ-ಮೇಲ್ ವಿಳಾಸದ ಚೀಟಿಯೊಂದನ್ನೂ ಕೊಟ್ಟಿದ್ದ. ಅಂದಿನಿಂದ ತಿಪ್ಪವ್ವ ಸಂತೆಗೆ ಬಂದಾಗಲೆಲ್ಲ ‘ತಪ್ಪು ನಿಂದಲ್ಲ, ಮನಿಗೆ ಬಾ’ ಎಂದು ಬರೆಸಿದ್ದೇ ಬರೆಸಿದ್ದು. ಅತ್ತ ಕಡೆಯಿಂದ ಹೂಂ ಇಲ್ಲ, ಉಹೂಂ ಇಲ್ಲ. ತಮ್ಮ ಇನ್ನು ಕೈಬಿಟ್ಟುಹೋದ ಎಂಬ ಭಯ ಅವಳ ಮುಖದ ಮೇಲೇ ಇರುತ್ತಿತ್ತು.

ಜುಲ್ಫಿಕರ ಒಲ್ಲದ ಮನಸ್ಸಿನಿಂದ ಓದಿ ಹೇಳಿದ. “ನೀವು ಕಳಿಸೂದನ್ನ ದಾರ್ಯಾಗ ಬ್ಯಾರೇದವರು ನೋಡಬಹುದು, ಆದ್ರೂ ಕಳಿಸ್ತೀರೇನು ಅಂತ ಕೇಳಾಕತ್ತೈತ್ರಿ ಅಕ್ಕಾರ.” ಈ ಪತ್ರ ಹೋಗುವ ದಾರಿಗೆ ಬೀಗವಿಲ್ಲ, ಅದಕ್ಕೇ ಇಷ್ಟು ಗದ್ದಲ, ಯಾರೂ ನೋಡುವುದಿಲ್ಲ ಬಿಡಿ ಎಂದು ಸಮಾಧಾನವನ್ನೂ ಹೇಳಿದ. ಇದೇ ಮಾತನ್ನು ಓದಿ ಅಡತಿ ಅಂಗಡಿಯ ಸಾವಕಾರನೊಬ್ಬ ಹೆದರಿ ಎದ್ದುಹೋದದ್ದು ಅವನಿಗಿನ್ನೂ ನೆನಪಿತ್ತು.

ತಿಪ್ಪವ್ವ ಹೆದರಲಿಲ್ಲ. ಅವಳ ಕಣ್ಣು ಅಗಲವಾದವು. ಕಂಪ್ಯೂಟರಿನ ಬೆನ್ನಿನಿಂದ ಹೊರಟು ಕಿಟಕಿಯಾಚೆ ಇಳಿದುಹೋದ ಕರಿ ವೈರನ್ನು ದೇವರನ್ನು ನೋಡುವ ಹಾಗೆ ನೋಡಿದಳು. ತನ್ನ ಮಾತು ಅದರೊಳಗಿನ ಕತ್ತಲಲ್ಲಿ ಒಂಟಿಯಾಗಿ ಹೋಗುತ್ತದೆ ಎಂದೇ ಇಷ್ಟು ದಿನ ತಿಳಿದಿದ್ದಳು.

“ಗೋವಾತನಕ ದಾರ್ಯಾಗ ಮಂದಿ ಅದಾರೇನು? ಮತ್ತ ಮೊದಲ ಯಾಕ ಕೇಳಲಿಲ್ಲ ಇದು?”

“ನಾನ ಅದರ ಬಾಯಿ ಬಂದ್ ಮಾಡಿಟ್ಟಿದ್ದೆರಿ.”

“ಅದಕ್ಕ ಮುಟ್ಟಿಲ್ಲ ನೋಡು.”

ಹಾಗಲ್ಲ, ಕೇಳಿದರೂ ಕೇಳದಿದ್ದರೂ ಪತ್ರ ಹೋಗುವ ದಾರಿ ಒಂದೇ ಎಂದು ಜುಲ್ಫಿಕರ ತಿಳಿಸಿ ಹೇಳಲು ನೋಡಿದ. ಅವಳ ಕಿವಿಗೆ ಬೀಳಬೇಕಲ್ಲ. ಕುರಿ ಹೊಡೆದುಕೊಂಡು ದೂರ ಹೋದವರಿಗೆ ಸುದ್ದಿ ಮುಟ್ಟಿಸುವ ರೀತಿ ಅವಳಿಗೆ ಗೊತ್ತಿತ್ತು. ಆ ಕಡೆ ಹೊರಟವರು ಯಾರೇ ಸಿಗಲಿ, ಎದುರು ನಿಂತು ಬಾಯ್ತೆರೆದು ಹೇಳಬೇಕು. ಕೇಳಿದವನು ಮುಂದಿನವನಿಗೆ ಹೇಳುತ್ತಾನೆ. ಹಾಗೆ ಹೇಳಿಸಿಕೊಂಡ ಮೇಲೆ ಮುಟ್ಟಿಸದೆ ಇರುವಂತಿಲ್ಲ. ಇಬ್ಬರು ಗುಟ್ಟಾಗಿ ಆಡಿದ ಮಾತು ಕಿವಿಗೆ ಬಿದ್ದರೆ ಮಾತ್ರ ಕೇಳದಂತೆ ಹೋಗಿಬಿಡುವುದು ಮರ್ಯಾದೆ. ದಾರಿಯಲ್ಲಿರುವ ಇವರೆಲ್ಲ ಪಾಪ, ಮರ್ಯಾದೆಯವರು, ಅದಕ್ಕೇ ಸುಮ್ಮನಿದ್ದಾರೆ ಎಂದಳು.

ಕೊನೆಗೆ ಪತ್ರದ ಕೆಳಗೆ ಒಂದು ಸಾಲು ಸೇರಿಸಿದಳು. ‘ದಾರ್ಯಾಗಿನವರ, ಇದು ನಿಮಗೂ ಹೇಳಿದ ಮಾತು. ಅಮಸಿದ್ದಗ ಮುಟ್ಟಸ್ರಿ.’ ಜುಲ್ಫಿಕರ ನಗು ತಡೆದುಕೊಂಡು ಟೈಪು ಮಾಡಿದ. ಚೌಕ ಮತ್ತೆ ಬಂದಾಗ ಅವಳ ಕೈಯನ್ನು ಮೌಸಿನ ಮೇಲಿಡಿಸಿದ. ತಿಪ್ಪವ್ವ ತಲೆಯ ಮೇಲೆ ಸೆರಗು ಹೊದ್ದು, ‘ಹೌದು’ ಒತ್ತಿದಳು.

ಮುಂದಿನ ಸಂತೆಗೆ ಅವಳು ಬರುವ ಮೊದಲೇ ಉತ್ತರ ಬಂದಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಜುಲ್ಫಿಕರ ಒಮ್ಮೆ ಓದಿದ, ಮತ್ತೊಮ್ಮೆ ಓದಿದ. ತಿಪ್ಪವ್ವ ಬಂದು ಕೂತ ಮೇಲೆ ಅವಳಿಗೂ ಓದಿ ಹೇಳಿದ.

‘ಅಕ್ಕಾರ, ನಾನು ನಿಮ್ಮ ಕಡೆ ನಾಲತವಾಡದವ. ಇಲ್ಲಿ ಗೋವಾದಾಗ ಸೈಬರ್ ಇಟ್ಟೇನಿ. ಅಮಸಿದ್ದಗ ಈ ವಿಳಾಸ ಮಾಡಿಕೊಟ್ಟಾವ ನಾನ, ಪಾಸ್‌ವರ್ಡ್ ನನ್ನ ಕಡೆನ ಐತಿ. ಅವಗ ಓದಾಕ ಬರೂದಿಲ್ಲ, ಮತ್ತ ಈ ಕಡೆ ಬಂದೂ ಇಲ್ಲ. ನೀವು ಹಿಂದ ಬರಸಿದ್ದನ್ನೆಲ್ಲ ತಗದು ಓದೇನಿ. ಅಕ್ಕ ತಮ್ಮನ ಮಾತು, ನನಗ ಹೇಳಿದ್ದಲ್ಲಂತ ಸುಮ್ಮನಿದ್ದೆ. ಈ ಸಲ ನನಗೂ ಹೇಳೀರಿ. ಬಂದರಿಗೆ ಹೋಗಿ ಹುಡುಕಿ ಮುಟ್ಟಸೇನಿ. ಅಂವ ಹೊತ್ತ ಚೀಲ ಇಳಿಸಿ ಅದರ ಮ್ಯಾಲ ಕುಂತು ಅತ್ತ. ಬಸ್ಸಿಗೆ ಹತ್ತಿಸಿ ಕಳಿಸಾಕತ್ತೇನಿ.’

ಜುಲ್ಫಿಕರನಿಗೆ ಆ ಕರಿ ವೈರಿನ ಕಡೆ ನೋಡಲು ಧೈರ್ಯ ಬರಲಿಲ್ಲ. ಈಗ ಅದರ ತುಂಬ ಮನುಷ್ಯರಿದ್ದರು. ತಿಪ್ಪವ್ವ ಮಾತ್ರ, ಆಗಬೇಕಾದದ್ದೇ ಆಯಿತು ಎಂಬಂತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದ್ದು ಬಾಗಿಲತನಕ ಹೋದವಳು ಏನೋ ನೆನಪಾಗಿ ತಿರುಗಿ ನಿಂತಳು.

“ದಾರ್ಯಾಗಿನ ಉಳಿದವರಿಗೂ ಹೇಳಿಬಿಡು ತಮ್ಮಾ, ಮಾತು ಮುಟ್ಟೇತಿ ಅಂತ. ಪಾಪ, ಇನ್ನೂ ಹುಡಕಾಕತ್ತಿರಬೇಕು.”