ಬೇಡವೆಂದ ಇನ್ನೂರು

ಕೇಳುವ ಮೊದಲೇ ಡ್ರೈವರ್ ಸೂಟ್‌ಕೇಸ್ ಎತ್ತಿಕೊಂಡ. ಮಲ್ಲಿಕಾರ್ಜುನ್‌ಗೆ ಆಗಲೇ ಅನುಮಾನ ಬಂತು.

ಅನುಮಾನಕ್ಕೆ ಕಾರಣವಿತ್ತು. ಗಂಡ ಹೆಂಡತಿ ಐದು ದಿನ ಗೋವಾ ಸುತ್ತಿ ಬಂದಿದ್ದರು. ಅಲ್ಲಿಯ ಡ್ರೈವರ್ ಕೂಡ ಹೀಗೇ ಲಗೇಜು ಎತ್ತಿದ್ದ, ಬಾಗಿಲು ತೆಗೆದಿದ್ದ, ಕೊನೆಗೆ ಹಲ್ಲು ಕಿರಿದು ಟಿಪ್ಸ್ ಎಂದು ಐನೂರು ಕಿತ್ತಿದ್ದ. ಸೊರಬದಲ್ಲಿ ಇಪ್ಪತ್ತು ವರ್ಷ ಬಟ್ಟೆ ಅಂಗಡಿ ನಡೆಸಿದ ತಾನು ಟೋಪಿ ಹಾಕಿಸಿಕೊಂಡೆನಲ್ಲ ಎಂಬ ಉರಿ ಇನ್ನೂ ಆರಿರಲಿಲ್ಲ.

ಶಿವಮೊಗ್ಗ ಏರ್‌ಪೋರ್ಟಿನಿಂದ ಮನೆಗೆ ಈ ವ್ಯಾನ್ ಗೊತ್ತು ಮಾಡಿದ್ದು ತಮ್ಮ ಈಶ್ವರ್. ಬಾಡಿಗೆ ಮೊದಲೇ ಕಟ್ಟಿಯಾಗಿತ್ತು. ಹತ್ತುವ ಮುಂಚೆ ಮಲ್ಲಿಕಾರ್ಜುನ್ ತನ್ನ ಅಕ್ಕನಿಗೆ, ಅಂದರೆ ಅಕ್ಕನಾಗಮ್ಮನಿಗೆ, ಫೋನ್ ಮಾಡಿದ. ಎತ್ತಲಿಲ್ಲ. ಅಂಗಡಿ ಅವಳ ಮೇಲೆ ಬಿಟ್ಟು ಹೋಗಿದ್ದ. ಗಿರಾಕಿ ಇರಬೇಕು ಎಂದುಕೊಂಡ.

ಡ್ರೈವರ್ ನಯೀಮ್ ಶಿಕಾರಿಪುರದವನು. ಹಳೆಯ ಹಾಡು ಹಾಕಿಕೊಂಡು, ಗೋವಾದ ಸೆಕೆ, ಮೀನಿನ ರೇಟು, ಎಲ್ಲ ವಿಚಾರಿಸಿದ. ಮಲ್ಲಿಕಾರ್ಜುನ್ ಅದಕ್ಕೂ ಬೇರೆ ಅರ್ಥ ಮಾಡಿಕೊಂಡ.

"ನೋಡಪ್ಪ, ಮೊದಲೇ ಹೇಳಿಬಿಡ್ತೀನಿ. ಬಾಡಿಗೆ ಕೊಟ್ಟಾಗಿದೆ. ಮೇಲೆ ನೀನಾಗಿ ಒಂದು ರೂಪಾಯಿ ಕೇಳಿದ್ರೂ ನಿನ್ನ ಓನರಿಗೆ ಫೋನ್ ಹೋಗ್ತದೆ."

ನಯೀಮ್ ಕನ್ನಡಿಯಲ್ಲಿ ನೋಡಿ ನಕ್ಕ. "ನಾವು ಕೇಳಲ್ಲ ಸರ್. ಟಿಪ್ಸ್ ಸಲುವಾಗಿ ಒಂದು ಕಂಪ್ಲೇಂಟ್ ಬಂದ್ರೂ ಅವತ್ತೇ ಕೀ ಇಸ್ಕೊಂತಾರೆ. ಗ್ಯಾರೇಜ್ ಮುಚ್ಚಿದ ಮೇಲೆ ನನ್ನ ಮನೆ ನಡೀತಿರೋದು ಈ ವ್ಯಾನ್ ಮೇಲೆ ರೀ."

ಇದೂ ಒಂದು ಪೀಠಿಕೆ ಎಂದು ಮಲ್ಲಿಕಾರ್ಜುನ್ ಹೆಂಡತಿಗೆ ಕಣ್ಣು ಮಿಟುಕಿಸಿದ.

ಸವಳಂಗದ ಹತ್ತಿರ ಡ್ರೈವರಿಗೆ ಫೋನ್ ಬಂತು. ಗಾಡಿ ಪಕ್ಕಕ್ಕೆ ಹಾಕಿ, ಇಳಿದು ಹೋಗಿ, ಇವರಿಗೆ ಬೆನ್ನು ಮಾಡಿ ಮಾತಾಡಿದ. ವಾಪಸು ಬಂದವನು ಹಾಡು ಆಫ್ ಮಾಡಿದ. ಆಮೇಲೆ ಅವನ ಬಾಯಿಂದ ಒಂದು ಮಾತಿಲ್ಲ.

"ನೋಡಿದ್ಯಾ," ಮಲ್ಲಿಕಾರ್ಜುನ್ ಪಿಸುಗುಟ್ಟಿದ. "ಏನೂ ಗಿಟ್ಟಲ್ಲ ಅಂತ ಗೊತ್ತಾಯ್ತು. ಮುಖ ಹೇಗೆ ಇಳೀತು ನೋಡು."

"ಸುಮ್ನಿರಿ, ಕೇಳಿಸ್ಕೊಂಡಾನು," ಎಂದಳು ಚೈತ್ರಶ್ರೀ.

ಅಂಜನಾಪುರ ಜಲಾಶಯದ ಬೋರ್ಡ್ ಕಂಡಾಗ ಅವಳಿಗೆ ಒಂದು ಫೋಟೋ ತೆಗೆಯುವ ಆಸೆಯಾಯಿತು. ಐದು ನಿಮಿಷ ಸಾಕು ಎಂದು ಕೇಳಿದಳು.

"ಇನ್ನೊಂದ್ಸಲ ನೋಡೀರಂತೆ ಅಮ್ಮ. ತಡ ಆಗ್ತೈತಿ," ಎಂದು ನಯೀಮ್ ಗಾಡಿಯ ವೇಗ ಹೆಚ್ಚಿಸಿದ.

ಅಷ್ಟು ಅವಸರದವನು ಶಿಕಾರಿಪುರದಲ್ಲಿ ಮಾತ್ರ ಯಾರೂ ಹೇಳದೆಯೇ ಒಂದು ಖಾನಾವಳಿ ಮುಂದೆ ನಿಲ್ಲಿಸಿದ.

"ಇಲ್ಲೇ ಊಟ ಮಾಡ್ಕೊಂಡ್ಬಿಡ್ರಿ ಸರ್. ಅಮ್ಮಾರಿಗೂ ಮಾಡಿಸ್ರಿ."

"ಮನೇಲಿ ಅಕ್ಕ ಮಾಡಿಟ್ಟಿರ್ತಾಳೆ."

ನಯೀಮ್ ಸ್ಟೇರಿಂಗ್ ಮೇಲಿನ ಕೈ ನೋಡುತ್ತ ಕೂತ. "ಆದ್ರೂ ಸರ್. ಒಂದೊಂದು ರೊಟ್ಟಿನಾದ್ರೂ ತಿನ್ರಿ."

ಈಗ ಎಲ್ಲ ಸ್ಪಷ್ಟವಾಯಿತು. ಫೋಟೋಕ್ಕೆ ಕಮಿಷನ್ ಇಲ್ಲ, ಊಟಕ್ಕೆ ಇದೆ. ಫೋನ್ ಬಂದಿದ್ದೂ ಈ ಖಾನಾವಳಿಯಿಂದಲೇ ಇರಬೇಕು. ಟಿಪ್ಸ್ ಕೈತಪ್ಪಿದ್ದಕ್ಕೆ ಬಡ್ಡಿ ಸಮೇತ ವಸೂಲಿ. ಚೈತ್ರಶ್ರೀಗೆ ನಿಜಕ್ಕೂ ಹಸಿವಾಗಿತ್ತು. ಆದರೆ ಗಂಡನಿಗೆ ಹೊಟ್ಟೆಗಿಂತ ಹಟ ದೊಡ್ಡದಾಗಿತ್ತು.

"ನಡಿ, ಗಾಡಿ ಬಿಡು," ಎಂದ.

ಡ್ರೈವರ್ ಇಳಿದು ಹೋಗಿ ನಾಲ್ಕು ಬಾಳೆಹಣ್ಣು, ಎರಡು ಬಾಟಲಿ ನೀರು ತಂದು ಸೀಟಿನ ಮೇಲಿಟ್ಟ. ಅವನ್ನು ಮಲ್ಲಿಕಾರ್ಜುನ್ ಮುಟ್ಟಲಿಲ್ಲ, ಹೆಂಡತಿಗೂ ಮುಟ್ಟಗೊಡಲಿಲ್ಲ. ಮುಟ್ಟಿದರೆ ಕೊನೆಗೆ ನೂರು ರೂಪಾಯಿ ಬಿಲ್ಲು ಹಿಡಿಯುತ್ತಾನೆ ಎಂಬುದು ಅವನ ಲೆಕ್ಕ.

ಮಧ್ಯಾಹ್ನ ಎರಡೂವರೆಗೆ ಸೊರಬ ತಲುಪಿದರು. ಓಣಿಯೊಳಗೆ ವ್ಯಾನ್ ತಿರುಗುವುದಿಲ್ಲ. ನಯೀಮ್ ಮೂಲೆಯಲ್ಲಿ ನಿಲ್ಲಿಸಿ ಎಲ್ಲ ಲಗೇಜನ್ನೂ ತಾನೇ ಇಳಿಸಿದ. ಒಂದು ಚೀಲವನ್ನೂ ಇವರ ಕೈಗೆ ಬಿಡಲಿಲ್ಲ.

"ಏನಾದ್ರೂ ಕೊಡ್ರಿ, ಪಾಪ," ಎಂದು ಚೈತ್ರಶ್ರೀ ಗಂಡನ ಮೊಣಕೈ ತಿವಿದಳು.

ಮಲ್ಲಿಕಾರ್ಜುನ್ ಮುಖ ಸಿಂಡರಿಸಿಕೊಂಡೇ ನೂರರ ನೋಟು ಚಾಚಿದ. ನಯೀಮ್ ಕೈ ಹಿಂದೆ ಕಟ್ಟಿಕೊಂಡ.

"ಬೇಡ ಸರ್."

ನೂರು ಸಾಲದೇನೋ. ಇನ್ನೊಂದು ನೋಟು ಸೇರಿಸಿದ.

"ಇವತ್ತು ಬೇಡ ಸರ್. ತಪ್ಪು ತಿಳ್ಕೋಬೇಡ್ರಿ."

ಅಷ್ಟೇ. ಕೈಯನ್ನು ಎದೆಗೆ ಮುಟ್ಟಿಸಿ, ವ್ಯಾನ್ ಹತ್ತಿ ತಿರುಗಿಸಿಕೊಂಡು ಹೊರಟೇ ಹೋದ. ನೂರು ಕಿಲೋಮೀಟರು ಜೊತೆಯಲ್ಲಿ ಬಂದವನು ಹೋಗುವಾಗ ಬರ್ತೀನಿ ಎಂಬ ಒಂದು ಮಾತನ್ನೂ ಆಡಲಿಲ್ಲ.

ನಡುಬೀದಿಯಲ್ಲಿ ಇನ್ನೂರು ರೂಪಾಯಿ ಹಿಡಿದು ನಿಂತವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಗೋವಾದವನು ದುಡ್ಡು ಮಾತ್ರ ಕಿತ್ತಿದ್ದ, ಇವನು ಮರ್ಯಾದೆಯನ್ನೇ ಕಳೆದ. ಅಲ್ಲಿಂದಲೇ ವ್ಯಾನಿನ ಮಾಲೀಕನಿಗೆ ಫೋನ್ ಹಚ್ಚಿದ.

"ರೀ, ಎಂಥ ಡ್ರೈವರ್ ಇಟ್ಕೊಂಡಿದೀರಿ? ಇನ್ನೂರು ಕೊಟ್ರೂ ಸಾಲ್ದು ಅಂತ ಬಿಟ್ಟು ಹೋದ. ದಾರೀಲಿ ಕಮಿಷನ್ ಹೋಟ್ಲಿಗೆ ಬೇರೆ ನುಗ್ಗಿಸಕ್ಕೆ ನೋಡ್ದ."

ಮಾಲೀಕ ಮೂರು ಸಲ ಕ್ಷಮೆ ಕೇಳಿದ. ನಯೀಮ್ ಮನೆ ಮುಟ್ಟುವುದರೊಳಗೆ ಕೀ ಇಸಿದುಕೊಳ್ಳುತ್ತೇನೆ, ನಾಳೆಯಿಂದ ಅವನು ಈ ಲೈನಿನಲ್ಲಿ ಇರುವುದಿಲ್ಲ ಎಂದು ಮಾತು ಕೊಟ್ಟ.

ಮಲ್ಲಿಕಾರ್ಜುನ್‌ಗೆ ಐದು ದಿನದಲ್ಲಿ ಮೊದಲ ಸಲ ಎದೆ ಹಗುರಾಯಿತು. ನೋಟುಗಳನ್ನು ಜೇಬಿಗಿಟ್ಟು, ಸೂಟ್‌ಕೇಸ್ ಎಳೆದುಕೊಂಡು ಓಣಿಯೊಳಗೆ ತಿರುಗಿದ. ಮನೆ ಮುಂದೆ ಜನ ನಿಂತಿದ್ದರು. ಅವರ ನಡುವಿನಿಂದ ಈಶ್ವರ್ ಬರಿಗಾಲಲ್ಲಿ ಓಡಿ ಬಂದು ಅಣ್ಣನ ಎರಡೂ ಕೈ ಹಿಡಿದುಕೊಂಡ.

"ಅಕ್ಕ ಅಂಗಡೀಲಿ ಕೂತಲ್ಲೇ ಹೋಗಿಬಿಟ್ಲು ಕಣೋ ಅಣ್ಣ... ದಾರೀಲಿ ಬಾಯಿ ಬಿಡಬೇಡ, ಹೊಟ್ಟೆಗೆ ಏನಾದ್ರೂ ತಿನ್ನಿಸಿ ಬೇಗ ಕರ್ಕೊಂಡು ಬಾ ಅಂತ ಆ ಡ್ರೈವರಿಗೆ ನಾನೇ ಫೋನ್ ಮಾಡಿ ಕೈ ಮುಗ್ದಿದ್ದೆ."