ಕದಲದ ಕಾಲು

"ಭೀಮಲಿಂಗಪ್ಪಾ, ನಿನ್ನ ಶಿಷ್ಯ ಕದಲಿದ್ನಂದ್ರ ಈ ಜಪಾನಿ ಆಟ ನಮ್ಮ ಹರಿವಾಣ ಊರಿನ ಗರಡ್ಯಾಗ ಇವತ್ತಿಗೇ ಬಂದ್!" ಎಂದು ಉಸ್ತಾದ್ ಪಂಪಣ್ಣ ಎರಡೂ ಕೈಯಿಂದ ಉಚ್ಚೀರಪ್ಪನ ಎದೆಯನ್ನು ದೂಡಿದ.

ಉಚ್ಚೀರಪ್ಪ ಕದಲಲಿಲ್ಲ. ಭೀಮಲಿಂಗಪ್ಪ ತಾನು ಸಿಂಗಪುರದಲ್ಲಿ ಜಪಾನಿಯರ ಯುದ್ಧಕೈದಿಯಾಗಿದ್ದಾಗ ಒಕಿನಾವಾ ದ್ವೀಪದ ಕಾವಲುಗಾರನೊಬ್ಬನಿಂದ ಕಲಿತ ಕರಾಟೆಯ ನಿಲುವನ್ನು ಅವನಿಗೆ ಬೈದು ಬೈದು ಕಲಿಸಿದ್ದ: ಕಾಲ್ಬೆರಳು ನೆಲ ಕಚ್ಚಬೇಕು, ಉಸಿರು ಹೊಟ್ಟೆಯಲ್ಲಿರಬೇಕು, ಪೈಲ್ವಾನರಂತೆ ತೊಡೆ ತಟ್ಟಬಾರದು.

ಪಂಪಣ್ಣ ಮತ್ತೆ ದೂಡಿ ಬೆವತ. "ಕಂಬ ಆಗ್ಯಾನಲೇ ಇವ!"

ಹೊಗಳಿಕೆ ಕೇಳಿದ್ದೇ ತಡ, ಉಚ್ಚೀರಪ್ಪ ಕಾಲೆತ್ತಿ ತೊಡೆ ತಟ್ಟಿದ. ಪಂಪಣ್ಣ ಒಂದೇ ಬೆರಳಿನಿಂದ ನೂಕಿದ. ಕಂಬ ಅಂಗಾತ ಬಿತ್ತು.

"ತಟ್ಟಬ್ಯಾಡಂತ ಎಷ್ಟು ಬಡ್ಕೊಂಡೆನಲೇ, ಕತ್ತೀ!" ಎಂದು ಅರಚಿದ ಭೀಮಲಿಂಗಪ್ಪ ಸಿಟ್ಟಿನಲ್ಲಿ ತನ್ನ ತೊಡೆಯನ್ನೇ ಫಟಾರನೆ ತಟ್ಟಿದ.

ಪಂಪಣ್ಣ ನಗುತ್ತಾ ಗರಡಿಯ ಕೀಲಿಕೈಯನ್ನು ಅವನತ್ತ ಎಸೆದ. "ಆಟ ಬಂದ್ ಮಾಡೂದಿಲ್ಲ, ನಾಳಿಂದ ನೀನೇ ಬಾಗಿಲು ತೆಗಿ. ಮೊದ್ಲು ನೀ ಕಲಿ, ಆಮ್ಯಾಲೆ ಅವಗ ಕಲ್ಸು."